ಕೈ ತೆಗೆದರೆ ನಿಲ್ಲಬೇಕು: ನೀರೊಳಗಿನ ಎರಡು ಸ್ಕೂಟರ್‌ಗಳ ಹೋಲಿಕೆ

ಕೈಯಲ್ಲಿ ಹಿಡಿದು ನೀರೊಳಗೆ ಸಾಗುವ ವಿದ್ಯುತ್ ಸ್ಕೂಟರ್‌ಗಳಲ್ಲಿ ಎರಡು ಬಗೆಯವನ್ನು ನಾನು ಸಾಕಷ್ಟು ಕಾಲ ಬಳಸಿದ್ದೇನೆ. ಮೊದಲು ಕೊಂಡದ್ದು ನಡುವೆ ಒಂದೇ ಪ್ರೊಪೆಲ್ಲರ್ ಇರುವ, ಒಂದು ಕೈಯಿಂದಲೂ ನಡೆಸಬಹುದಾದ ಸ್ಕೂಟರ್. ಅದನ್ನು ಮಾರಿ ಕೊಂಡದ್ದು ಎಡಬಲಗಳಲ್ಲಿ ಒಂದೊಂದು ಪ್ರೊಪೆಲ್ಲರ್ ಇರುವ, ಎರಡೂ ಕೈಗಳಿಂದ ಟ್ರಿಗರ್ ಒತ್ತಿ ಹಿಡಿದರೆ ಮಾತ್ರ ಓಡುವ ಸ್ಕೂಟರ್. ಇವುಗಳನ್ನು ಒಂಟಿ, ಜೋಡಿ ಎಂದು ಕರೆಯುತ್ತೇನೆ. ಜೋಡಿಯೇ ನನ್ನ ಆಯ್ಕೆಯೆಂದು ಮೊದಲೇ ಹೇಳಿಬಿಟ್ಟರೆ ಓದುವವರಿಗೆ ಅನುಕೂಲ. ತೂಕ, ಗರಿಷ್ಠ ವೇಗ, ಮುಳುಗಬಹುದಾದ ಆಳ ಇವೆಲ್ಲ ಡಬ್ಬಿಯ ಮೇಲೆಯೇ ಅಚ್ಚಾಗಿರುವುದರಿಂದ ಅವುಗಳ ಗೊಡವೆಗೆ ಹೋಗುವುದಿಲ್ಲ.

ಒಂಟಿಯ ಮೇಲೆ ನನಗಿರುವ ತಕರಾರಿನ ಮುಕ್ಕಾಲು ಪಾಲು ಅದರ ಟ್ರಿಗರ್‌ಗೆ ಸಂಬಂಧಿಸಿದ್ದು. ನನ್ನ ಎರಡು ಸ್ಕೂಟರ್‌ಗಳಲ್ಲೂ ಟ್ರಿಗರ್‌ನಿಂದ ಒಳಗಿನ ಮೋಟಾರಿಗೆ ತಂತಿ ಹಾದುಹೋಗಿಲ್ಲ. ತಂತಿಗಾಗಿ ತೂತು ಕೊರೆದರೆ ನೀರು ನುಗ್ಗಲು ಇನ್ನೊಂದು ದಾರಿ ತೆರೆದಂತಾಗುತ್ತದೆ. ಅದರ ಬದಲು ಟ್ರಿಗರ್‌ನ ತುದಿಯಲ್ಲಿ ಪುಟ್ಟ ಆಯಸ್ಕಾಂತವೊಂದಿದ್ದು, ಪ್ಲಾಸ್ಟಿಕ್ ಗೋಡೆಯ ಆಚೆಗಿರುವ ಸೆನ್ಸರ್ ಅದು ಹತ್ತಿರ ಬಂದದ್ದನ್ನು ಗ್ರಹಿಸಿ ಮೋಟಾರನ್ನು ಓಡಿಸುತ್ತದೆ. ಉಪಾಯ ಚೆನ್ನಾಗಿಯೇ ಇದೆ. ಆದರೆ ಸಮುದ್ರ ತೀರದ ಮರಳಿನಲ್ಲಿ ಅನೇಕ ಕಡೆ ಕಬ್ಬಿಣದ ಅಂಶವುಳ್ಳ ಕಪ್ಪು ಕಣಗಳಿರುತ್ತವೆ. ಅದೇ ಮ್ಯಾಗ್ನೆಟೈಟ್. ದಡದಲ್ಲಿ ಸ್ಕೂಟರನ್ನು ಒಮ್ಮೆ ಕೆಳಗಿಟ್ಟರೆ ಸಾಕು, ಆಯಸ್ಕಾಂತವು ಈ ಕಣಗಳನ್ನು ಎಳೆದುಕೊಂಡು ಟ್ರಿಗರ್‌ನ ಸಂದಿಯೊಳಗೆ ತುಂಬಿಕೊಳ್ಳುತ್ತದೆ. ಆಗ ಒತ್ತಿದ ಟ್ರಿಗರನ್ನು ಹಿಂದಕ್ಕೆ ತಳ್ಳುವಷ್ಟು ಕಸುವು ಒಳಗಿನ ಸಣ್ಣ ಸ್ಪ್ರಿಂಗಿಗೆ ಉಳಿಯುವುದಿಲ್ಲ. ಬೆರಳು ತೆಗೆದರೂ ಮೋಟಾರು ಓಡುತ್ತಲೇ ಇರುತ್ತದೆ.

ಸಿಹಿನೀರಿನಲ್ಲಿ ತೊಳೆದರೆ ಹೋಗುತ್ತದೆಂದು ಕೈಪಿಡಿ ಹೇಳುತ್ತದೆ. ಸಾಮಾನ್ಯ ಮರಳು ಹೋಗುತ್ತದೆ, ನಿಜ. ಕಪ್ಪು ಮರಳು ಹೋಗುವುದಿಲ್ಲ, ಏಕೆಂದರೆ ನೀರಿನ ಸೆಳೆತಕ್ಕಿಂತ ಆಯಸ್ಕಾಂತದ ಹಿಡಿತವೇ ಬಲವಾದದ್ದು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಕಣಗಳು ಆಯಸ್ಕಾಂತದ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಸರಿದು ಮತ್ತೆ ಮುಳ್ಳುಮುಳ್ಳಾಗಿ ಎದ್ದು ನಿಲ್ಲುತ್ತವೆ. ಕೊನೆಗೆ ನನಗೆ ಒದಗಿ ಬಂದದ್ದು ಅಂಟುಪಟ್ಟಿ. ಕಡ್ಡಿಯೊಂದಕ್ಕೆ ಅಂಟು ಹೊರಗೆ ಬರುವಂತೆ ಪಟ್ಟಿಯನ್ನು ಸುತ್ತಿ, ಒಣಗಿದ ಸಂದಿಯೊಳಗೆ ತೂರಿಸಿ ಒತ್ತಿ ತೆಗೆದರೆ ಕಣಗಳು ಅದಕ್ಕೆ ಮೆತ್ತಿಕೊಂಡು ಬರುತ್ತವೆ. ಪಟ್ಟಿ ಬದಲಿಸುತ್ತ, ಅದು ಬೆಳ್ಳಗೆ ಹೊರಬರುವವರೆಗೂ ಹೀಗೆ ಮಾಡಬೇಕು. ಪ್ರತಿ ಸಲವೂ ಈ ಕೆಲಸಕ್ಕೆ ಕೂರುವುದೆಂದರೆ ಬೇಸರವೇ.

ಬೇಸರವಷ್ಟೇ ಆಗಿದ್ದರೆ ಸಹಿಸಬಹುದಿತ್ತು. ನಿಲ್ಲದ ಸ್ಕೂಟರ್ ನೀರಿನಲ್ಲಿ ಏನು ಮಾಡುತ್ತದೆ ಎಂಬುದೇ ಮುಖ್ಯ ಪ್ರಶ್ನೆ. ಈ ಯಂತ್ರಗಳು ಸೆಕೆಂಡಿಗೆ ಸುಮಾರು 1.5 ಮೀಟರ್ ಸಾಗಬಲ್ಲವು. ಮೂತಿ ನೇರವಾಗಿ ಮೇಲಕ್ಕಿದ್ದರೆ ಅದು ನಿಮಿಷಕ್ಕೆ 90 ಮೀಟರ್ ಆಗುತ್ತದೆ. ಸಿಲಿಂಡರ್ ಹೊತ್ತು ಇಳಿದವರು ಮೇಲೇರುವಾಗ ನಿಮಿಷಕ್ಕೆ 9 ಮೀಟರ್ ಮೀರಬಾರದೆಂಬುದು ಡೈವಿಂಗ್‌ನಲ್ಲಿ ಸಾಮಾನ್ಯವಾಗಿ ಕಲಿಸುವ ಮಿತಿ. ಇದು ಅದರ ಹತ್ತರಷ್ಟು. 10 ಮೀಟರ್ ಆಳದಲ್ಲಿ ಶ್ವಾಸಕೋಶ ತುಂಬುವ ಗಾಳಿ ಮೇಲ್ಮೈಗೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುವುದರಿಂದ, ಗಾಬರಿಯಲ್ಲಿ ಉಸಿರು ಬಿಗಿಹಿಡಿದವರ ಶ್ವಾಸಕೋಶಕ್ಕೆ ಪೆಟ್ಟಾಗುವುದು ಖಂಡಿತ ಸಾಧ್ಯ. ಸ್ಕೂಟರನ್ನು ಬಿಟ್ಟುಬಿಡಬಹುದಲ್ಲ ಎನ್ನುವವರಿದ್ದಾರೆ. ಅದರ ಹಗ್ಗ ಮಣಿಕಟ್ಟಿಗೆ ಸುತ್ತಿಕೊಂಡಿದ್ದರೆ ಬಿಡುವುದು ಹೇಗೆ? ಹಗ್ಗವನ್ನು ಮಣಿಕಟ್ಟಿಗೆ ಕಟ್ಟಬಾರದು, ಒಂದೇ ಎಳೆತಕ್ಕೆ ಕಳಚುವ ಕ್ಲಿಪ್ಪಿನಿಂದ ಸೊಂಟದ ಪಟ್ಟಿಗೆ ಸಿಕ್ಕಿಸಬೇಕು ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಸಾಲದ್ದಕ್ಕೆ ಒಂಟಿಯಲ್ಲಿ ವೇಗವನ್ನು ಲಾಕ್ ಮಾಡುವ ಸೌಲಭ್ಯವೂ ಇತ್ತು. ಟ್ರಿಗರನ್ನು ಬೇಗಬೇಗನೆ ಎರಡು ಸಲ ಒತ್ತಿದರೆ ಬೆರಳಿಗೆ ವಿಶ್ರಾಂತಿ ಸಿಗುತ್ತದೆ, ಸ್ಕೂಟರ್ ತಾನಾಗಿಯೇ ಓಡುತ್ತದೆ. ಟ್ರಿಗರ್ ಸಿಕ್ಕಿಕೊಂಡಿದೆಯೋ, ಲಾಕ್ ಬಿದ್ದಿದೆಯೋ ಎಂಬುದು ನೀರೊಳಗೆ ತಿಳಿಯುವ ಬಗೆಯೇ ಇಲ್ಲ. ಎರಡಕ್ಕೂ ಉಳಿದ ಪರಿಹಾರವೆಂದರೆ ಮುಖ್ಯ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿಯುವುದು, ಮತ್ತು ಆ ಗುಂಡಿ ಎಷ್ಟು ಚಪ್ಪಟೆಯಾಗಿತ್ತೆಂದರೆ ಕೈಗವಸು ತೊಟ್ಟ ಬೆರಳಿಗೆ ಸಿಗುತ್ತಲೇ ಇರಲಿಲ್ಲ.

ಜೋಡಿಯಲ್ಲೂ ಆಯಸ್ಕಾಂತವೇ ಇದೆ, ಅದಕ್ಕೂ ಅದೇ ಮರಳು ಮೆತ್ತುತ್ತದೆ. ವ್ಯತ್ಯಾಸವಿರುವುದು ಎರಡು ಟ್ರಿಗರ್‌ಗಳೂ ಒಟ್ಟಿಗೆ ಒತ್ತಿರಬೇಕೆಂಬ ನಿಯಮದಲ್ಲಿ. ಒಂದು ಸಿಕ್ಕಿಕೊಂಡರೂ ಇನ್ನೊಂದರಿಂದ ಬೆರಳು ತೆಗೆದ ಕ್ಷಣವೇ ಮೋಟಾರು ನಿಲ್ಲುತ್ತದೆ. ಆದರೆ ಒಂದು ಸಿಕ್ಕಿಕೊಂಡದ್ದು ಗೊತ್ತೇ ಆಗದೆ ಹೋಗುವ ಅಪಾಯವಿದೆ. ಹಾಗಾಗಿ ಆಳಕ್ಕೆ ಹೋಗುವ ಮೊದಲು ಮೊಣಕಾಲುದ್ದದ ನೀರಿನಲ್ಲಿ ಎಡಗಡೆಯದನ್ನು ಮಾತ್ರ, ಆಮೇಲೆ ಬಲಗಡೆಯದನ್ನು ಮಾತ್ರ ಒತ್ತಿ ನೋಡುತ್ತೇನೆ. ಒಂದಕ್ಕೇ ಮೋಟಾರು ಓಡಿದರೆ ಇನ್ನೊಂದು ಒತ್ತಿಕೊಂಡೇ ಕೂತಿದೆ ಎಂದರ್ಥ, ಅಂದು ನೀರಿಗಿಳಿಯುವುದಿಲ್ಲ. ಈ ಪರೀಕ್ಷೆಯನ್ನು ದಡದಲ್ಲಿ ಒಣಗಿದ್ದಾಗ ಮಾಡಬಾರದು. ಪ್ರೊಪೆಲ್ಲರ್ ದಂಡದ ಸೀಲುಗಳು ತಂಪಾಗಿರಲು ನೀರು ಬೇಕು.

ಎರಡೂ ಕೈಗಳು ಸಿಲುಕಿದರೆ ಕಿವಿಯ ಒತ್ತಡ ಸರಿಪಡಿಸಲು ಮೂಗು ಹಿಡಿಯುವುದು ಹೇಗೆಂಬುದು ಒಂಟಿಯ ಪರ ವಾದಿಸುವವರ ಮೊದಲ ಮಾತು. ಅವರ ಮಾತಿನಲ್ಲಿ ಹುರುಳಿದೆ, ಜೋಡಿಯಲ್ಲಿ ಇಳಿಯುವುದು ತಡವಾಗುತ್ತದೆ. ಮೇಲ್ಮೈಯಿಂದ 10 ಮೀಟರ್ ತಲುಪುವಷ್ಟರಲ್ಲಿ ಒತ್ತಡ ಇಮ್ಮಡಿಯಾಗುವುದರಿಂದ ಕಿವಿಗೆ ಕಷ್ಟವಾಗುವುದು ಮೊದಲ ಕೆಲವು ಮೀಟರ್‌ಗಳಲ್ಲಿಯೇ. ಒಂಟಿಯಲ್ಲಿ ಒಂದು ಕೈಯಿಂದ ಮೂಗು ಹಿಡಿದು ಇನ್ನೊಂದರಿಂದ ಇಳಿಯುತ್ತಲೇ ಇರಬಹುದು. ಕಿವಿ ತೆರೆಯದಿದ್ದರೂ ಯಂತ್ರ ಇಳಿಸುತ್ತಲೇ ಇರುತ್ತದೆ. ಜೋಡಿಯಲ್ಲಿ ಕೈ ಮೂಗಿಗೆ ಹೋದೊಡನೆ ಮೋಟಾರು ತಾನಾಗಿ ನಿಲ್ಲುತ್ತದೆ. ನನಗೆ ಆ ತಡವೇ ಇಷ್ಟ. ಎರಡೂ ಕೈ ಮುಂದಕ್ಕೆ ಚಾಚಿರುವುದರಿಂದ ಆಳ, ಸಮಯಗಳನ್ನು ತೋರಿಸುವ ಮಣಿಕಟ್ಟಿನ ಡೈವ್ ಕಂಪ್ಯೂಟರ್ ಸದಾ ಕಣ್ಣೆದುರಿಗೇ ಇರುವುದು ಜೋಡಿಯ ಇನ್ನೊಂದು ಲಾಭ.

ಒಂಟಿ ಪ್ರೊಪೆಲ್ಲರ್ ತಿರುಗುವಾಗ ದೇಹವನ್ನು ಒಂದು ಪಕ್ಕಕ್ಕೆ ಹೊರಳಿಸಲು ನೋಡುತ್ತದೆ. ಜೋಡಿಯಲ್ಲಿ ಎರಡೂ ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ತಿರುಗುವುದರಿಂದ ಆ ಕಾಟವಿಲ್ಲ.

ಪ್ರೊಪೆಲ್ಲರಿನ ಸುತ್ತ ಎರಡಕ್ಕೂ ಜಾಲರಿಯಿದೆ, ಆದರೆ ಜಾಲರಿ ಬೆರಳನ್ನು ತಡೆಯುತ್ತದೆಯೇ ಹೊರತು ಕೂದಲನ್ನು, ದಾರವನ್ನು ತಡೆಯುವುದಿಲ್ಲ. ಉದ್ದ ಕೂದಲನ್ನು ಕಟ್ಟಿ ಟೋಪಿಯೊಳಗೆ ಸೇರಿಸಬೇಕು, ಜಾಕೆಟ್ಟಿನ ಪಟ್ಟಿಗಳ ತುದಿಗಳನ್ನು ಮಡಚಿ ಸಿಕ್ಕಿಸಬೇಕು, ಹೆಚ್ಚುವರಿ ರೆಗ್ಯುಲೇಟರಿನ (ಸಿಲಿಂಡರಿನಿಂದ ಉಸಿರಾಡಲು ಬಾಯಲ್ಲಿ ಕಚ್ಚಿ ಹಿಡಿಯುವ ಸಾಧನ) ಕೊಳವೆ ಜೋತಾಡದಂತೆ ನೋಡಿಕೊಳ್ಳಬೇಕು. ಒಂಟಿಯ ಪ್ರೊಪೆಲ್ಲರ್ ಎದೆಯ ನೇರಕ್ಕೇ ಇರುವುದರಿಂದ ಜೋತುಬಿದ್ದದ್ದೆಲ್ಲ ಅದರ ಬಳಿಗೇ ಹೋಗುತ್ತದೆ. ಹರಿದ ಮೀನುಬಲೆ ಕಂಡಲ್ಲಿ ಎರಡರಲ್ಲಿ ಯಾವುದನ್ನೂ ಓಡಿಸಬೇಡಿ.

ಪೂರ್ಣ ವೇಗದಲ್ಲಿ ತಲೆ ಪಕ್ಕಕ್ಕೆ ತಿರುಗಿಸಿದರೆ ಮಾಸ್ಕಿನೊಳಗೆ ನೀರು ನುಗ್ಗುತ್ತದೆ; ಇದರಲ್ಲಿ ಎರಡೂ ಸಮ.

ಬ್ಯಾಟರಿಯ ವಿಷಯದಲ್ಲಿ ಕಡಿಮೆ ವೇಗವೇ ಗೆಲ್ಲುತ್ತದೆ. ನೀರಿನ ಎಳೆತವು ವೇಗದ ವರ್ಗಕ್ಕೆ, ಬೇಕಾಗುವ ಶಕ್ತಿಯು ಅದರ ಘನಕ್ಕೆ ಅನುಗುಣವಾಗಿ ಏರುವುದರಿಂದ, ವೇಗವನ್ನು ಅರ್ಧಕ್ಕಿಳಿಸಿದರೆ ಲೆಕ್ಕದ ಪ್ರಕಾರ ಎಂಟನೇ ಒಂದು ಭಾಗದಷ್ಟು ಶಕ್ತಿ ಸಾಕು. ಹೋಗುವಾಗ ಸೆಳೆತಕ್ಕೆ ಎದುರಾಗಿ ಹೊರಡುತ್ತೇನೆ, ಚಾರ್ಜಿನ ಮೂರನೇ ಒಂದು ಭಾಗ ಮುಗಿದೊಡನೆ ತಿರುಗುತ್ತೇನೆ, ಬರಿಯ ಫಿನ್ (ಕಾಲಿಗೆ ತೊಡುವ ರೆಕ್ಕೆ) ಬಡಿದು ವಾಪಸಾಗಲಾರದಷ್ಟು ದೂರ ಹೋಗುವುದಿಲ್ಲ. ಕಾಲು ಬಡಿಯದೆ ಸಾಗುವುದರಿಂದ ಮೈ ಬೇಗ ತಣ್ಣಗಾಗುತ್ತದೆಂಬುದನ್ನು ಸೇರಿಸಿ ಹೇಳಬೇಕು, ಈಜುವಾಗ ತೊಡುವುದಕ್ಕಿಂತ ದಪ್ಪನೆಯ ಉಡುಪು ಬೇಕಾಗುತ್ತದೆ.

ಮುಚ್ಚಳದ ಸಂದಿಯಲ್ಲಿ ನೀರು ತಡೆಯುವ ರಬ್ಬರ್ ಬಳೆಯಾದ ಓ-ರಿಂಗಿನ ಆರೈಕೆ ಎರಡಕ್ಕೂ ಒಂದೇ: ಬೆಳಕಿಗೆ ಹಿಡಿದು ಕೂದಲು, ಮರಳು ಇಲ್ಲವೆಂದು ನೋಡಿ ಮುಚ್ಚುವುದು. ಬ್ಯಾಟರಿಯ ಕೋಣೆಗೆ ಉಪ್ಪುನೀರು ಹೊಕ್ಕ ಅನುಮಾನವಿದ್ದರೆ ಮುಚ್ಚಳವನ್ನು ಮುಖದಿಂದ ದೂರ ಹಿಡಿದು ಬಯಲಿನಲ್ಲಿ ತೆರೆಯಬೇಕು, ಒಳಗೆ ಹೈಡ್ರೋಜನ್ ಸೇರಿರಬಹುದು.

ಸಿಹಿನೀರಿಗಿಂತ ಸಮುದ್ರದ ನೀರು ಶೇಕಡಾ 2.5ರಷ್ಟು ಸಾಂದ್ರವಾಗಿರುವುದರಿಂದ, ಕಡಲಲ್ಲಿ ತೇಲುವ ಜೋಡಿ ಕೆರೆಯಲ್ಲಿ ಮುಳುಗುತ್ತದೆ, ತೇಲುಬೆಂಡನ್ನು ಮರೆಯಬಾರದು.

ಬೆಲೆಯಲ್ಲಿ ಜೋಡಿ ದುಬಾರಿ, ಒಂಟಿಯನ್ನು ಮಾರಿ ಬಂದದ್ದರ ಮೇಲೆ ನಾನು ಸಾಕಷ್ಟು ಸೇರಿಸಬೇಕಾಯಿತು. ಆದರೂ ವಿಮಾನದಲ್ಲಿ ಪ್ರಯಾಣಿಸಿ ಡೈವ್ ಮಾಡುವುದು ನನ್ನ ರೂಢಿಯಾದ್ದರಿಂದ ಲೆಕ್ಕ ಬೇರೆಯಾಯಿತು. ಪ್ರಯಾಣಿಕರು 100 ವಾಟ್-ಅವರ್ (ಬ್ಯಾಟರಿಯಲ್ಲಿ ಹಿಡಿಯುವ ವಿದ್ಯುತ್ತಿನ ಅಳತೆ) ವರೆಗಿನ ಲಿಥಿಯಂ ಬ್ಯಾಟರಿಯನ್ನು ಸಾಮಾನ್ಯವಾಗಿ ಹಾಗೆಯೇ ಒಯ್ಯಬಹುದು, 160ರವರೆಗಿನದಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅದಕ್ಕೂ ಮೀರಿದ್ದನ್ನು ಒಯ್ಯುವಂತಿಲ್ಲ. ಒಂಟಿಯದು 160 ದಾಟಿತ್ತು. ಒಂದು ಕೈಯಲ್ಲಿ ಕ್ಯಾಮೆರಾ ಹಿಡಿಯಲೇಬೇಕಾದವರಿಗೆ, ಈಜುಕೊಳ ಬಿಟ್ಟು ಹೊರಗೆ ಹೋಗದವರಿಗೆ ಒಂಟಿ ಸಾಕಾಗಬಹುದು. ಕೊಳ್ಳುವ ಮುನ್ನ ವೇಗದ ಲಾಕನ್ನು ಪೂರ್ತಿಯಾಗಿ ಆಫ್ ಮಾಡಲು ಬರುತ್ತದೆಯೇ ಎಂದು ಅಂಗಡಿಯವರಿಂದ ಮಾಡಿಸಿ ನೋಡಿ, ಬರದಿದ್ದರೆ ಅಲ್ಲಿಯೇ ಬಿಟ್ಟು ಬನ್ನಿ.