ಅಜ್ಜಿಯ ತಾಯಿತಕ್ಕೆ ಬೆಂಕಿ ಮುಟ್ಟಿಸದೆ ಸರ ಮಾಡಿಕೊಟ್ಟರು

ಅಜ್ಜಿ ತೋಳಿಗೆ ಕಟ್ಟಿಕೊಳ್ಳುತ್ತಿದ್ದ ಬೆಳ್ಳಿ ತಾಯಿತ, ಐದನೇ ಜಾರ್ಜ್ ಕಾಲದ 1918ರ ಒಂದು ರೂಪಾಯಿ, ಕಾರ್ನೀಲಿಯನ್ ಅನ್ನೋ ಕೆಂಪು ಕಲ್ಲಿನ ಮೂರು ಮಣಿ. ಹಾಸ್ಟೆಲ್‌ಗೆ ಹೊರಟಿದ್ದ ಮಗಳಿಗೆ ಇವನ್ನೆಲ್ಲ ಸೇರಿಸಿ ಒಂದು ಸರ ಮಾಡಿಸಬೇಕಿತ್ತು. ಮೊದಲು ಹೋದ ದೊಡ್ಡ ಅಂಗಡಿಯಲ್ಲಿ "ಎಲ್ಲಾ ಕರಗಿಸಿ ಹೊಸದು ತಗೊಳ್ಳಿ ಮೇಡಂ" ಅಂದರು. ಬೇಜಾರಾಗಿ ಎದ್ದು ಬಂದೆ.

ಆಮೇಲೆ ಸಿಕ್ಕಿದ್ದು ಚಿಕ್ಕಮಗಳೂರಿನ ಮಾರ್ಕೆಟ್ ರಸ್ತೆ ಹತ್ತಿರ ಒಬ್ಬರೇ ಕೂತು ಕೆಲಸ ಮಾಡುವ ವಯಸ್ಸಾದ ಅಕ್ಕಸಾಲಿಗರು. ತಾಯಿತವನ್ನು ಕಿವಿ ಹತ್ತಿರ ಅಲ್ಲಾಡಿಸಿದರು. ಎರಡೂ ತುದಿ ನೋಡಿದರು. "ಅರಗು ಹಾಕಿ ಮುಚ್ಚಿದಾರಮ್ಮ. ಬೆಸುಗೆ ಅಂತ ಬೆಂಕಿ ಹಿಡಿದ್ರೆ ಅರಗು ಕರಗಿ ಒಳಗಿರೋದು ಸುಟ್ಟುಹೋಗುತ್ತೆ." ಒಳಗೆ ಏನಿದೆ ಅಂತ ಅಜ್ಜಿ ಯಾರಿಗೂ ಹೇಳಿರಲಿಲ್ಲ. ತೆಗೆಸಲು ನನಗೂ ಮನಸ್ಸಿರಲಿಲ್ಲ. ಸವೆದ ಕೊಂಡಿಯನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ತೆಳು ಬೆಳ್ಳಿ ತಂತಿ ಮೂರು ಸುತ್ತು ಹೆಣೆದು ಹೊಸ ಕೊಂಡಿ ಮಾಡಿದ್ದಾರೆ. ಪೂರ್ತಿ ಕೈಕೆಲಸ. ಎಷ್ಟು ಎಳೆದರೂ ಜರುಗುವುದಿಲ್ಲ.

ನಾಣ್ಯಕ್ಕೂ ತೂತು ಹೊಡೆದಿಲ್ಲ. ಅಂಚಿಗೆ ಬೆಳ್ಳಿ ಪಟ್ಟಿ ಸುತ್ತಿ ಕೂರಿಸಿದ್ದಾರೆ, ಬೇಕಾದಾಗ ಬಿಡಿಸಬಹುದು. ತೂಗಿದಾಗ 11.5 ಗ್ರಾಂ ಬಂತು. ಟಂಕಸಾಲೆಯಿಂದ ಬಂದಾಗ 11.66 ಗ್ರಾಂ ಇರುತ್ತಿತ್ತು, ಅದರಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ. ನೂರು ವರ್ಷದಲ್ಲಿ ಸವೆದದ್ದು ಅಷ್ಟೇ.

ಮಣಿ ನೋಡಿ, "ಗುಜರಾತಿನ ಖಂಬಾತ್ ಕಡೆ ಇದರ ಕೆಲಸ ಜಾಸ್ತಿ. ಕಾಯಿಸಿದ್ರೆ ಕಲ್ಲಿನೊಳಗಿನ ಕಬ್ಬಿಣದ ಅಂಶಕ್ಕೆ ಕೆಂಪು ಏರುತ್ತೆ" ಅಂದರು. ರಕ್ತಕ್ಕೆ ಒಳ್ಳೆಯದು ಅಂತಾರಲ್ವಾ ಅಂತ ಕೇಳಿದೆ. "ಹಾಕ್ಕೊಳ್ಳಿ, ಚೆನ್ನಾಗಿರುತ್ತೆ. ಡಾಕ್ಟರ್ ಕೊಟ್ಟ ಮಾತ್ರೆ ಮಾತ್ರ ಬಿಡಬೇಡಿ." ಸುಮ್ನೆ ಹೊಗಳಿ ಮಾರುವವರ ನಡುವೆ ಈ ಮಾತು ಕೇಳಿ ನನಗೆ ತುಂಬಾ ಗೌರವ ಬಂತು. ನನ್ನೆದುರೇ ಒಬ್ಬರು ಮಗುವಿಗೆ ಹುಲಿಯುಗುರು ಕಟ್ಟಿಸಿಕೊಡಿ ಅಂತ ಬಂದರು. 1972ರಿಂದ ವನ್ಯಜೀವಿ ಕಾನೂನು ಇದೆ, ಮುಟ್ಟೋದೂ ಇಲ್ಲ ಅಂತ ವಾಪಸ್ ಕಳಿಸಿದರು.

ಮಜೂರಿ 1,800 ರೂಪಾಯಿ. ಈ ಕೆಲಸಕ್ಕೆ ಅದು ಕಡಿಮೆಯೇ. ಆದರೆ ಒಂದು ವಾರ ಅಂದವರು 24 ದಿನ ತೆಗೆದುಕೊಂಡರು. ಮಗಳು ಹೊರಡುವ ದಿನ ಸರ ಕೈಗೆ ಸಿಗಲಿಲ್ಲ, ಆಮೇಲೆ ನಾನೇ ಬಸ್ಸು ಹತ್ತಿ ಕೊಟ್ಟು ಬಂದೆ. ಆ ನೋವು ಇದೆ. ಇಂಥ ದಿನಕ್ಕೇ ಬೇಕು ಅಂತಿದ್ದರೆ ತಿಂಗಳು ಮೊದಲೇ ಹೋಗಿ.

ಇನ್ನೊಂದು, ಪೋಣಿಸಿದ ಹತ್ತಿ ದಾರ ನಮ್ಮ ಮಳೆಗೆ ಆಗುವುದಿಲ್ಲ. ಒದ್ದೆಯಾದರೆ ಎರಡು ದಿನ ಒಣಗಲ್ಲ. ಮಗಳು ರಜೆಗೆ ಬಂದಾಗ ಬೆಳ್ಳಿ ಸರಪಳಿ ಹಾಕಿಸಲು ಅವರ ಹತ್ತಿರವೇ ಹೋಗುತ್ತೇನೆ. ಅತ್ತೆಯ ಹರಿದ ಹವಳದ ಸರವನ್ನೂ ಆಗ ಒಯ್ಯಬೇಕು.