ಸರ್ಪಗಂಧದ ಬೇರು: ಅಪ್ಪಯ್ಯ ಶಾಂತವಾಗಿದ್ದಾರೆ ಅಂದುಕೊಂಡಿದ್ದೆವು

ಮನೆಯಲ್ಲಿ ಬಿಪಿ ಮಾತ್ರೆ ತಗೊಳ್ಳುವ ಹಿರಿಯರಿದ್ದರೆ ದಯವಿಟ್ಟು ಇದನ್ನು ಓದಿ.

ಅಪ್ಪಯ್ಯನಿಗೆ 68. ಬಿಪಿಗೆ ಹತ್ತು ವರ್ಷದಿಂದ ಅಟೆನೊಲಾಲ್ ನಡೀತಿದೆ. ರಾತ್ರಿ ನಿದ್ದೆ ಇಲ್ಲ ಅಂತ ಜಾತ್ರೆಯಲ್ಲಿ ನಾರುಬೇರು ಮಾರುವವರ ಹತ್ತಿರ ಸರ್ಪಗಂಧದ ಬೇರು ತಂದರು. ಸೂತ್ರನಾಭಿ ಅಂತಲೂ ಕರೆಯುತ್ತಾರಲ್ಲ, ಅದೇ. ಕಿರುಬೆರಳಿನ ದಪ್ಪ, ಸೊಟ್ಟ ಸೊಟ್ಟ, ಮಣ್ಣಿನ ಬಣ್ಣದ ಸಿಪ್ಪೆ. ಅಮ್ಮ ಕುಟ್ಟಿ ಪುಡಿ ಮಾಡಿ ದಿನಾ ರಾತ್ರಿ ಅರ್ಧ ಚಮಚ ಹಾಲಿಗೆ ಹಾಕಿ ಕೊಟ್ಟರು. ನಾನೂ ಒಂದು ಚಿಟಿಕೆ ನಾಲಿಗೆಗೆ ಇಟ್ಟು ನೋಡಿದ್ದೆ. ಬೆಲ್ಲ ತಿಂದರೂ ಕಹಿ ಹೋಗಲಿಲ್ಲ.

ಮೊದಲ ವಾರ ಒಳ್ಳೆ ನಿದ್ದೆ. ಆಮೇಲೆ ಮೂಗು ಕಟ್ಟಿತು, ಶೀತ ಅಂದುಕೊಂಡೆವು. ಪೇಪರ್ ಓದುವುದು ನಿಂತಿತು. ತೋಟದ ಕಡೆ ತಲೆ ಹಾಕಲಿಲ್ಲ. ಮೊಮ್ಮಗಳು ತೊಡೆ ಹತ್ತಿದರೂ ಸುಮ್ನೆ ಗೋಡೆ ನೋಡುತ್ತಾ ಕೂತಿರುತ್ತಿದ್ದರು. ‘ಈಗ ಸಿಟ್ಟೇ ಇಲ್ಲ, ಎಷ್ಟು ಶಾಂತ ಆಗಿದ್ದಾರೆ’ ಅಂತ ನಾವು ಖುಷಿಪಟ್ಟೆವು. ಅದು ನೆನಪಾದರೆ ಈಗಲೂ ಕರುಳು ಕಿವುಚುತ್ತದೆ. ಮೂರನೇ ವಾರ ಒಂದು ಬೆಳಿಗ್ಗೆ ಹಾಸಿಗೆಯಿಂದ ಎದ್ದವರು ಕಣ್ಣು ಕತ್ತಲೆ ಬಂದು ಕುಸಿದರು. ಆಸ್ಪತ್ರೆಯಲ್ಲಿ ನೋಡಿದರೆ ನಾಡಿ ನಿಮಿಷಕ್ಕೆ 42.

‘ಬೇರೆ ಏನಾದ್ರೂ ತಗೊಳ್ತಿದ್ರಾ?’ ಅಂತ ಡಾಕ್ಟರ್ ಕೇಳಿದಾಗ ಅಮ್ಮ ‘ಏನೂ ಇಲ್ಲ’ ಅಂದರು. ಮುಚ್ಚಿಟ್ಟಿದ್ದಲ್ಲ. ಬೇರಿನ ಪುಡಿ ಅವರ ಲೆಕ್ಕದಲ್ಲಿ ಮಾತ್ರೆಯ ಸಾಲಿಗೆ ಬರುವುದಿಲ್ಲ, ಅಷ್ಟೇ. ಸಂಜೆ ನನಗೆ ಹೊಳೆದು ಡಬ್ಬಿ ತಂದು ತೋರಿಸಿದೆ.

ಸರ್ಪಗಂಧ ಹುಸಿ ಮದ್ದಲ್ಲ, ಜೋರಾದ ಮದ್ದು. 1952ರಲ್ಲಿ ಇದೇ ಬೇರಿನಿಂದ ರಿಸರ್ಪಿನ್ ಅನ್ನುವ ಸತ್ವ ಬೇರ್ಪಡಿಸಿ, ಮುಂದೆ ಬಿಪಿಗೂ ಮಾನಸಿಕ ಕಾಯಿಲೆಗೂ ಮಾತ್ರೆಯಾಗಿ ಕೊಟ್ಟರು. ಅದು ಮಿದುಳಿನಲ್ಲಿರುವ ಸೆರೊಟೋನಿನ್, ಡೋಪಮಿನ್ ಅನ್ನುವ, ಮನಸ್ಸಿನ ಮೇಲೆ ಕೆಲಸ ಮಾಡುವ ರಾಸಾಯನಿಕಗಳ ದಾಸ್ತಾನು ಬರಿದು ಮಾಡುತ್ತದೆ. ಕೆಲವರಿಗೆ ಮನಸ್ಸು ಕುಗ್ಗುವುದು ಅದರಿಂದ ಇರಬಹುದು. ಅಟೆನೊಲಾಲ್ ಎದೆಬಡಿತ ಇಳಿಸುತ್ತದೆ, ಇದೂ ಇಳಿಸುತ್ತದೆ. ಎರಡೂ ಸೇರಿದರೆ ಏನಾಗಬೇಕು ಹೇಳಿ? ಬೇರಿನ ಪುಡಿಯಲ್ಲಿ ಸತ್ವ ಎಷ್ಟಿದೆ ಅಂತ ಚಮಚದಲ್ಲಿ ಅಳೆಯಲೂ ಆಗುವುದಿಲ್ಲ.

ಖಿನ್ನತೆ ಇದ್ದವರು, ಹೊಟ್ಟೆ ಹುಣ್ಣಿನವರು, ಬಸುರಿಯರು ಇದರ ಹತ್ತಿರ ಹೋಗಲೇಬೇಡಿ. ಆಯುರ್ವೇದ ವೈದ್ಯರ ಹತ್ತಿರ ಹೋದರೂ ನುಂಗುವ ಮಾತ್ರೆಗಳ ಚೀಟಿ ಮೊದಲು ತೋರಿಸಿ. ಇದನ್ನು ಓದಿ ಗಾಬರಿಯಾಗಿ ಬಿಪಿ ಮಾತ್ರೆಯನ್ನೂ ನೀವೇ ನಿಲ್ಲಿಸಬೇಡಿ.

ಪುಡಿ ಬಿಟ್ಟ ಕೂಡಲೇ ಎಲ್ಲ ಸರಿಹೋಗಲಿಲ್ಲ, ವಾರಗಟ್ಟಲೆ ಹಿಡಿಯಿತು. 24ನೇ ದಿನ ಬೆಳಿಗ್ಗೆ ಅಪ್ಪಯ್ಯ ‘ಪೇಪರ್ ಬಂತೇನೇ?’ ಅಂತ ಕೂಗಿದರು. ಅಮ್ಮ ಒಲೆ ಮುಂದೆ ಕೂತು ಅತ್ತುಬಿಟ್ಟರು.