ಓಮ್ನಿಯ ನೀರು ಎಲ್ಲಿಗೆ ಹೋಗುತ್ತಿತ್ತು? ಬಾಟಲಿ ಮದ್ದು, ಹೊಸ ರೇಡಿಯೇಟರ್, ಹಳೆಯ ಬೆಸುಗೆ

ಪಕ್ಷಪಾತವನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ನನ್ನದು 1997ರ ಮಾರುತಿ ಓಮ್ನಿ. ಅದರ ತಾಮ್ರ-ಹಿತ್ತಾಳೆಯ ಹಳೆಯ ರೇಡಿಯೇಟರನ್ನು ಬಿಚ್ಚಿ, ಕೊಳವೆ ಕೊಳವೆಯನ್ನೂ ಶುಚಿ ಮಾಡಿ, ಬೆಸುಗೆ ಹಾಕಿ ಕೊಟ್ಟ ಹಾಸನದ ಅಂಗಡಿಯ ಪರವಾಗಿಯೇ ಈ ಬರಹವಿದೆ. ಆದರೆ ಅಲ್ಲಿಗೆ ತಲುಪುವ ಮೊದಲು ಸೋರಿಕೆ ನಿಲ್ಲಿಸುವ ಬಾಟಲಿ ಮದ್ದಿಗೂ ಹೊಸ ರೇಡಿಯೇಟರಿಗೂ ದುಡ್ಡು ಸುರಿದವನು ನಾನು. ಮೂರನ್ನೂ ತೂಗಿ ನೋಡುವ ಹಕ್ಕು ಅಷ್ಟರಮಟ್ಟಿಗೆ ಸಂಪಾದಿಸಿದ್ದೇನೆ.

ಶುರುವಾದದ್ದು ಶಿರಾಡಿ ಘಾಟಿಯಲ್ಲಿ. ಧರ್ಮಸ್ಥಳದಿಂದ ಅರಸೀಕೆರೆಗೆ ಹಿಂತಿರುಗುತ್ತಿದ್ದೆವು. ಗುಂಡ್ಯ ದಾಟಿ ಏರು ಹತ್ತುವಾಗ ಮುಂದೆ ಒಂದು ಟ್ಯಾಂಕರ್. ಎರಡನೇ ಗೇರಿನಲ್ಲಿ ತೆವಳುವುದೊಂದೇ ದಾರಿ. ಓಮ್ನಿಯ ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಹಾಗಾಗಿ ಅದು ಕಾದ ಸುದ್ದಿ ಮೀಟರಿನ ಮುಳ್ಳಿಗಿಂತ ಮೊದಲು ಕೂತವರಿಗೆ ಮುಟ್ಟುತ್ತದೆ. “ಸೀಟು ಸುಡುತ್ತಿದೆಯಲ್ಲೋ” ಎಂದು ಅಮ್ಮ ಎರಡು ಸಲ ಹೇಳಿದರು. ಮಾರನಹಳ್ಳಿ ಇನ್ನೂ ಮುಂದಿರುವಾಗಲೇ ಮುಳ್ಳು ಕೆಂಪು ಗೆರೆಗೆ ಹೋಯಿತು. ಬದಿಗೆ ನಿಲ್ಲಿಸಿ ಸೀಟು ಎತ್ತಿದರೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ ಹಬೆ.

ಮುಕ್ಕಾಲು ಗಂಟೆ ಕಾದೆವು. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಬಾರದು. 0.9 ಬಾರ್ ಒತ್ತಡದ ಮುಚ್ಚಳದ ಕೆಳಗೆ ಬರೀ ನೀರು ಕೂಡ ಸುಮಾರು 118 ಡಿಗ್ರಿಯವರೆಗೆ ಕುದಿಯದೆ ಇರುತ್ತದೆ. ಒತ್ತಡ ಬಿಟ್ಟ ಕ್ಷಣ ಒಮ್ಮೆಲೇ ಉಕ್ಕಿ ಮುಖಕ್ಕೆ ಬರುತ್ತದೆ. ಲಾರಿ ನಿಲ್ಲಿಸಿದ ಚಾಲಕರೊಬ್ಬರು “ಅರಿಶಿನದ ಪುಡಿ ಇದ್ದರೆ ಎರಡು ಚಮಚ ಹಾಕಿ, ಊರು ಮುಟ್ಟುತ್ತೀರಿ” ಎಂದರು. ನಮ್ಮ ಹತ್ತಿರ ಇದ್ದದ್ದು ದೇವಸ್ಥಾನದ ಕುಂಕುಮ ಮಾತ್ರ.

ಮನೆಗೆ ಬಂದ ಮೇಲೆ ಅರಿಶಿನದ ಅಂಗಡಿ ರೂಪವನ್ನೇ ಕೊಂಡೆ: ಸೋರಿಕೆ ನಿಲ್ಲಿಸುವ ದ್ರವ, ಬಾಟಲಿಗೆ 350 ರೂಪಾಯಿ. ರೇಡಿಯೇಟರಿಗೆ ಸುರಿದು ಹತ್ತು ನಿಮಿಷ ಎಂಜಿನ್ ಓಡಿಸಿದರೆ ಆಯಿತು. ತೊಟ್ಟಿಕ್ಕುವುದು ನಿಜವಾಗಿಯೂ ನಿಂತಿತು. ಮೂರು ವಾರ ನಾನು ಕಂಡವರಿಗೆಲ್ಲ ಅದನ್ನು ಶಿಫಾರಸು ಮಾಡಿದೆ. ನಾಲ್ಕನೇ ವಾರ, ಏರಿಲ್ಲದ ಹಾಸನದ ರಸ್ತೆಯಲ್ಲೇ ಮುಳ್ಳು ಮೇಲೇರತೊಡಗಿತು. ಆ ಮದ್ದಿಗೆ ತೂತು ಯಾವುದು, ಕೊಳವೆ ಯಾವುದು ಎಂಬ ಭೇದವಿಲ್ಲ. ಮೊದಲೇ ನಮ್ಮ ಬೋರ್‌ವೆಲ್ಲಿನ ಗಡಸು ನೀರಿನ ಸುಣ್ಣದಿಂದ ಕಿರಿದಾಗಿದ್ದ ದಾರಿಗಳಲ್ಲಿ ಅದೂ ಹೋಗಿ ಕುಳಿತಿತ್ತು. ಬಾಟಲಿಯ ಬಗ್ಗೆ ಇಷ್ಟು ಸಾಕು.

ನಮ್ಮ ಮೆಕ್ಯಾನಿಕ್ ಹುಡುಗ ಥರ್ಮೋಸ್ಟಾಟ್, ಅಂದರೆ ಎಂಜಿನ್ ಕಾದ ಮೇಲೆ ಬಾಯಿ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ಕವಾಟ, ಕಿತ್ತೆಸೆಯೋಣ ಎಂದ. ಕಿತ್ತು ಕೊಟ್ಟದ್ದನ್ನು ಮನೆಗೆ ತಂದು, ದಾರ ಕಟ್ಟಿ, ಹಾಲಿನ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಒಲೆ ಹಚ್ಚಿದೆ. 82 ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ಬಿಟ್ಟಿತು, ಆರಿದಾಗ ಮುಚ್ಚಿಕೊಂಡಿತು. ನಿರಪರಾಧಿ. ಅದನ್ನೇ ಮತ್ತೆ ಹಾಕಿಸಿದೆ. ಪಾತ್ರೆಯನ್ನು ಮಾತ್ರ ಅಮ್ಮ ಮತ್ತೆ ಅಡುಗೆಮನೆಗೆ ಸೇರಿಸಲಿಲ್ಲ.

ಆಮೇಲೆ ಬಂದದ್ದು ಹೊಸ ರೇಡಿಯೇಟರ್. ಅಲ್ಯೂಮಿನಿಯಂ ಮೈ, ಪ್ಲಾಸ್ಟಿಕ್ ಟ್ಯಾಂಕು, 3,600 ರೂಪಾಯಿ, ಕೂಲಿ 600. ಬೆಳಿಗ್ಗೆ ಬಿಟ್ಟ ವ್ಯಾನು ಮಧ್ಯಾಹ್ನಕ್ಕೆ ಕೈಗೆ ಬಂತು. ಮುಳ್ಳು ಅರ್ಧದ ಕೆಳಗೆ ನಿಂತು ಅಲ್ಲಾಡಲಿಲ್ಲ. ತಂಪು ಮಾಡುವ ಮಾತಿಗೆ ಬಂದರೆ ಮೂರರಲ್ಲಿ ಇದೇ ಮೇಲು, ಸುಳ್ಳು ಹೇಳುವುದಿಲ್ಲ.

ಆದರೆ ನೀರು ಮತ್ತೆ ಕಡಿಮೆಯಾಗುತ್ತಿತ್ತು. ಇದರ ಹಿಂದೆ ಬಿದ್ದು ಎರಡು ತಿಂಗಳು ನಿದ್ದೆಗೆಟ್ಟೆ. ಭಾನುವಾರ ಬೆಳಿಗ್ಗೆ ತಣ್ಣಗಿರುವಾಗ ಮುಚ್ಚಳ ತೆಗೆದರೆ ಅರ್ಧ ಲೀಟರ್ ಇಲ್ಲ. ಅಡಿಯಲ್ಲಿ ಹಾಸಿದ ರಟ್ಟಿನ ಮೇಲೆ ಒಂದು ಹನಿಯ ಗುರುತೂ ಇಲ್ಲ. ಮೆಕ್ಯಾನಿಕ್ ತಲೆ ಕೆರೆದುಕೊಂಡು, “ಹೆಡ್ ಗ್ಯಾಸ್ಕೆಟ್ ಹೋಗಿದೆ ಅಣ್ಣ, ಹೆಡ್ ಇಳಿಸಬೇಕು, ಎಂಟು ಒಂಬತ್ತು ಸಾವಿರ ಇಟ್ಟುಕೊಳ್ಳಿ” ಎಂದ. ಎಂಜಿನ್ನಿನ ತಲೆಗೂ ಮೈಗೂ ನಡುವೆ ಕೂತು, ನೀರು ಸಿಲಿಂಡರಿಗೆ ಹೋಗದಂತೆ ತಡೆಯುವ ಪದರವೇ ಈ ಗ್ಯಾಸ್ಕೆಟ್. ಹೊರಗೆ ಸೋರದಿದ್ದರೆ ಎಂಜಿನ್ನೇ ಕುಡಿಯುತ್ತಿದೆ ಎಂಬುದು ಅವನ ಲೆಕ್ಕ. ತಪ್ಪು ಲೆಕ್ಕವೇನಲ್ಲ. ಆದರೆ ಗ್ಯಾಸ್ಕೆಟ್ ಹೋದರೆ ಸಾಮಾನ್ಯವಾಗಿ ಏನಾದರೂ ಸುಳಿವು ಸಿಗುತ್ತದೆ. ಆಯಿಲ್ ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿ ಲೇಪ ಇರಲಿಲ್ಲ. ಎಂಜಿನ್ ಕಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತಿರಲಿಲ್ಲ. ತಣ್ಣಗಿದ್ದಾಗ ಮುಚ್ಚಳ ತೆಗೆದಿಟ್ಟು ಸ್ಟಾರ್ಟ್ ಮಾಡಿದರೆ ಗುಳ್ಳೆಗಳ ಸಾಲು ಏಳಲಿಲ್ಲ. ಕೊನೆಗೆ ಹಾಸನದಲ್ಲಿ ಒಂದು ಕಡೆ 300 ರೂಪಾಯಿ ಕೊಟ್ಟು ನೀಲಿ ದ್ರವದ ಪರೀಕ್ಷೆಯನ್ನೂ ಮಾಡಿಸಿದೆ. ಸಿಲಿಂಡರಿನ ಹೊಗೆ ನೀರಿಗೆ ಸೇರುತ್ತಿದ್ದರೆ ಆ ದ್ರವ ಹಳದಿಗೆ ತಿರುಗುತ್ತದೆ. ಅದು ನೀಲಿಯಾಗಿಯೇ ಉಳಿಯಿತು.

ಉತ್ತರ ಕಣ್ಣೆದುರಿಗೇ ಇತ್ತು, ನಾನು ನೋಡಿರಲಿಲ್ಲ. ರೇಡಿಯೇಟರಿನಲ್ಲಿ ನೀರು ಕಡಿಮೆಯಾದಾಗಲೆಲ್ಲ ಪಕ್ಕದ ಕೂಲೆಂಟ್ ಡಬ್ಬಿ ಕುತ್ತಿಗೆಯವರೆಗೆ ತುಂಬಿರುತ್ತಿತ್ತು! ಕಾದಾಗ ಹಿಗ್ಗಿದ ನೀರು ಮುಚ್ಚಳದ ಸ್ಪ್ರಿಂಗನ್ನು ತಳ್ಳಿ ಸಣ್ಣ ಕೊಳವೆಯ ಮೂಲಕ ಡಬ್ಬಿಗೆ ಹೋಗುತ್ತದೆ. ಆರುವಾಗ ರೇಡಿಯೇಟರಿನೊಳಗೆ ನಿರ್ವಾತ ಉಂಟಾಗಿ ಅದೇ ನೀರು ಅದೇ ಕೊಳವೆಯಲ್ಲಿ ವಾಪಸು ಬರಬೇಕು. ನನ್ನ ವ್ಯಾನಿನಲ್ಲಿ ಹೋದದ್ದು ಬರುತ್ತಿರಲಿಲ್ಲ. ಡಬ್ಬಿ ತುಂಬಿದ ಮೇಲೆ ಉಳಿದದ್ದು ರಸ್ತೆಯಲ್ಲಿ ಚೆಲ್ಲಿ ಒಣಗುತ್ತಿತ್ತು. ರಟ್ಟಿಗೆ ಸಿಗುವುದಾದರೂ ಹೇಗೆ?

ಮುಚ್ಚಳವೇ ಕೆಟ್ಟಿದೆ ಎಂದುಕೊಂಡು 150 ರೂಪಾಯಿಯ ಹೊಸ ಮುಚ್ಚಳ ತಂದೆ. ಬದಲಾಗಲಿಲ್ಲ. ಆಮೇಲೆ ಆ ಸಣ್ಣ ಕೊಳವೆಯನ್ನೇ ಕಿತ್ತು, ಒಂದು ತುದಿಗೆ ಹೆಬ್ಬೆರಳು ಒತ್ತಿ, ಇನ್ನೊಂದರಿಂದ ಬಾಯಿ ಹಾಕಿ ಊದಿದೆ. ಕ್ಲಿಪ್ಪು ಕಚ್ಚಿದ್ದ ಜಾಗದಿಂದ ಗಾಳಿ ಬಂದು ಮೀಸೆಗೆ ತಾಗಿತು. ಬಾಗಿಸಿದರೆ ಮಾತ್ರ ಕಾಣುವ, ಕೂದಲೆಳೆಯಷ್ಟು ಬಿರುಕು. ನೀರು ಹೊರಗೆ ಸೋರುವಷ್ಟು ದೊಡ್ಡದಲ್ಲ, ಗಾಳಿ ಒಳಗೆ ನುಗ್ಗಲು ಧಾರಾಳ. ರೇಡಿಯೇಟರ್ ಆರುವಾಗ ಡಬ್ಬಿಯ ನೀರನ್ನು ಎಳೆಯುವ ಬದಲು ಆ ಬಿರುಕಿನಿಂದ ಗಾಳಿಯನ್ನು ಎಳೆದುಕೊಳ್ಳುತ್ತಿತ್ತು. ಮೀಟರಿಗೆ 60 ರೂಪಾಯಿಯ ರಬ್ಬರ್ ಕೊಳವೆ ಅರ್ಧ ಮೀಟರ್ ಸಾಕಾಯಿತು. ಒಂಬತ್ತು ಸಾವಿರದ ಕಾಯಿಲೆಗೆ ಮೂವತ್ತು ರೂಪಾಯಿಯ ಔಷಧ. ಮೆಕ್ಯಾನಿಕ್ ಹುಡುಗ ನಕ್ಕ. ನನಗೆ ಮಾತ್ರ ನಗು ಬರಲಿಲ್ಲ. ಹಳೆಯ ಕೊಳವೆಯನ್ನೇ ಹೊಸ ರೇಡಿಯೇಟರಿಗೆ ಸಿಕ್ಕಿಸಿದವನು ಅವನೇ.

ಹೊಸ ರೇಡಿಯೇಟರ್ ಹದಿನಾಲ್ಕು ತಿಂಗಳು ನಿಷ್ಠೆಯಿಂದ ದುಡಿಯಿತು. ಆಮೇಲೆ ಪ್ಲಾಸ್ಟಿಕ್ ಟ್ಯಾಂಕು ಅಲ್ಯೂಮಿನಿಯಂ ಸೇರುವ ಮಡಿಕೆಯಲ್ಲಿ ಹಸಿರು ಪಸೆ ಕಾಣಿಸಿತು. ಮೂರು ಕಡೆ ತೋರಿಸಿದೆ. ಪ್ಲಾಸ್ಟಿಕ್ಕಿಗೆ ಬೆಸುಗೆ ಕೂರುವುದಿಲ್ಲ, ಮಡಿಕೆ ಬಿಚ್ಚಿದರೆ ಮತ್ತೆ ಅಷ್ಟೇ ಬಿಗಿಯಾಗಿ ಕೂರಿಸುವ ಖಾತರಿ ಇಲ್ಲ. ಇನ್ನೊಂದು ಹೊಸದು ತನ್ನಿ ಎಂಬುದೇ ಮೂವರ ಮಾತು.

ಹಳೆಯದು ಅಟ್ಟದ ಮೇಲಿತ್ತು. ಗುಜರಿಯವನು ತಾಮ್ರದ ಆಸೆಗೆ ಅದನ್ನು ಎರಡು ಸಲ ಕೇಳಿದ್ದ, ಜಿಪುಣತನದಿಂದ ಉಳಿಸಿಕೊಂಡಿದ್ದೆ. ಹಾಸನದ ರೇಡಿಯೇಟರ್ ಅಂಗಡಿಯ ಹಿರಿಯರು ಅದರ ಬಾಯಿಗಳಿಗೆ ರಬ್ಬರ್ ಬಿರಡೆ ಜಡಿದು, ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಎರಡು ಕಡೆಯಿಂದ ಗುಳ್ಳೆಗಳು ಸರದಂತೆ ಎದ್ದವು. ಅಲ್ಲಲ್ಲಿ ಮೊಳೆಯಿಂದ ಗೀರಿ ಗುರುತು ಮಾಡಿಕೊಂಡರು. ಆಮೇಲೆ ಬೆಂಕಿ ಹಿಡಿದು ಮೇಲಿನ ಟ್ಯಾಂಕನ್ನೇ ಬಿಡಿಸಿ, ಚಪ್ಪಟೆ ಉಕ್ಕಿನ ಪಟ್ಟಿಯನ್ನು ಒಂದೊಂದು ಕೊಳವೆಯಲ್ಲೂ ಆಡಿಸಿದರು. ಫಿಲ್ಟರಿನ ತಳದ ಕಾಫಿ ಚರಟದಂಥ ಕೆಸರು ಬಿತ್ತು, ಅದರ ನಡುವೆ ಮಿಣಮಿಣ ಮಿಂಚುವ ಚೂರುಗಳು.

“ಬಾಟಲಿ ಮದ್ದು ಹಾಕಿದ್ದಿರಾ?” ಎಂದು ತಲೆ ಎತ್ತದೆಯೇ ಕೇಳಿದರು.

ಒಪ್ಪಿಕೊಂಡೆ. ಅವರು ಮುಂದೆ ಏನೂ ಹೇಳಲಿಲ್ಲ, ಅದೇ ನನಗೆ ಬೈದಂತಾಯಿತು. ಒಟ್ಟು 1,700 ರೂಪಾಯಿ, ಎರಡು ದಿನ. ಆ ಎರಡು ದಿನ ನನ್ನ ತೆಂಗಿನಕಾಯಿ ಮೂಟೆಗಳು ಬಾಡಿಗೆ ಆಟೋದಲ್ಲಿ ಹೋದವು, ಅದಕ್ಕೆ 800. ಇದನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು.

ಈಗ ಬೋರ್‌ವೆಲ್ ನೀರು ಮುಟ್ಟಿಸುವುದಿಲ್ಲ; ಅರ್ಧ ಕೂಲೆಂಟ್, ಅರ್ಧ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು. ಎರಡು ವರ್ಷದಲ್ಲಿ ಘಾಟಿಯನ್ನು ಐದು ಸಲ ಹತ್ತಿದ್ದೇನೆ. ಬಿರುಬೇಸಿಗೆಯಲ್ಲಿ ಮುಳ್ಳು ಹೊಸ ರೇಡಿಯೇಟರ್ ಇದ್ದಾಗಿನದಕ್ಕಿಂತ ಒಂದು ಕೂದಲು ಮೇಲೆ ನಿಲ್ಲುತ್ತದೆ, ಅಷ್ಟೆ.

ನನಗೆ ಐವತ್ತರ ವೇಗ ಸಾಕು, ಭಾನುವಾರ ಮುಚ್ಚಳ ತೆಗೆದು ನೋಡುವ ಚಟವಿದೆ, ಹಾಸನ ಒಂದು ಗಂಟೆಯ ದಾರಿ. ಹಾಗಾಗಿ ಬೆಸುಗೆ ನನಗೆ ಒಗ್ಗಿತು. ದಿನ ಬೆಳಗಾದರೆ ಶಾಲೆಯ ಮಕ್ಕಳನ್ನು ಹೊತ್ತೊಯ್ಯುವ ವ್ಯಾನಾದರೆ ಎರಡು ದಿನ ನಿಲ್ಲಿಸಲು ಆಗುವುದಿಲ್ಲ. ಅವರು ಹೊಸದನ್ನೇ ಹಾಕಿಸಲಿ, ಜೊತೆಗೆ ಆ ಮೂವತ್ತು ರೂಪಾಯಿಯ ಕೊಳವೆಯನ್ನೂ. ಬಾಟಲಿ ಬೇಕಿದ್ದರೆ ಘಾಟಿಯ ನಡುವೆ ಸಿಕ್ಕಿಬಿದ್ದ ರಾತ್ರಿಗೆ ಡಿಕ್ಕಿಯಲ್ಲಿರಲಿ.

ಪ್ಲಾಸ್ಟಿಕ್ ಟ್ಯಾಂಕಿನದು ಈಗ ಅಟ್ಟ ಸೇರಿದೆ. ಕಳೆದ ತಿಂಗಳು ಗುಜರಿಯವನು ಬಂದಾಗ ನಾನೇ ಕರೆದು ತೋರಿಸಿದೆ. ಒಂದೇ ಕೈಯಲ್ಲಿ ಎತ್ತಿ ನೋಡಿ, “ಆ ಹಳೆಯದು ಏನಾಯಿತು ಸ್ವಾಮಿ?” ಎಂದು ಕೇಳಿದ.